ಹೊಟ್ಟೆಯ ಮೇಲಿನ ಕಿವಿರು

ಎಣಿಸುವುದು ನನ್ನ ಹಳೆಯ ಚಾಳಿ. ನಮ್ಮ ಮನೆಯ ಅಂಗಳದಿಂದ ಕಾಪುವಿನ ಬಸ್ ನಿಲ್ದಾಣಕ್ಕೆ ಎಂಟುನೂರ ಹದಿನಾಲ್ಕು ಹೆಜ್ಜೆ. ಚಪ್ಪಲಿ ಹೊಸದಾದರೆ ಎಂಟುನೂರ ಮೂವತ್ತು. ಏಳನೇ ತರಗತಿಯಿಂದ ಈಚೆಗೆ ಒಂದು ದಿನವೂ ತಪ್ಪದೆ ದಿನಚರಿ ಬರೆದವಳು ನಾನು ಎಂದು ಹೇಳಿಕೊಳ್ಳುತ್ತಿದ್ದೆ. ಆ ಹೆಮ್ಮೆಯನ್ನು ಕಳೆದ ನವೆಂಬರ್ ಕಸಿದುಕೊಂಡಿತು. ಆ ತಿಂಗಳಲ್ಲಿ ನಾಲ್ಕು ಪುಟ ಖಾಲಿ ಇವೆ. ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದ ಆ ನಾಲ್ಕು ದಿನ ನನ್ನ ಕೈಗೆ ಪೆನ್ನು ಸಿಕ್ಕಲಿಲ್ಲ. ಸಿಕ್ಕಿದ್ದರೂ ಬರೆಯುವುದಕ್ಕೆ ನನಗೆ ನಾನೇ ಸಿಗುತ್ತಿರಲಿಲ್ಲ. ಐದನೆಯ ದಿನದ ಪುಟದಲ್ಲಿ ಕೋಳಿ ಕೆದರಿದಂಥ ಅಕ್ಷರದಲ್ಲಿ ಇಷ್ಟೇ ಇದೆ: "ದೊಡ್ಡ ಕರುಳು ತೆಗೆದರಂತೆ. ಉದ್ದ ಸುಮಾರು ಐದು ಅಡಿ. ಸಿಸ್ಟರ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಬೇಕು."

ಈ ಸಾಲನ್ನು ಈಗ ಓದಿದರೆ ನಗು ಬರುತ್ತದೆ. ಹೊಟ್ಟೆಯನ್ನು ಕೊಯ್ದು, ಐದು ಅಡಿ ಕರುಳು ಹೊರಗೆ ತೆಗೆದು, ಹೊಲಿದು ಮಲಗಿಸಿದ್ದಾರೆ. ಇವಳಿಗೆ ಅಳತೆಯ ಚಿಂತೆ! ಆದರೆ ನಾನು ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಭಯವಾದಾಗ ಕೆಲವರು ದೇವರ ನಾಮ ಹೇಳುತ್ತಾರೆ, ಕೆಲವರು ಅಳುತ್ತಾರೆ. ನಾನು ಎಣಿಸುತ್ತೇನೆ.

ಶಸ್ತ್ರಚಿಕಿತ್ಸೆಗೆ ಮೊದಲಿನ ಮೂರು ವರ್ಷ ನಾನು ಎಣಿಸಿದ್ದು ಬೇರೇನನ್ನೂ ಅಲ್ಲ, ಪಾಯಿಖಾನೆಗೆ ಓಡಿದ್ದನ್ನು. ದೊಡ್ಡ ಕರುಳಿನ ಒಳಗೋಡೆಯೆಲ್ಲ ಹುಣ್ಣಾಗುವ ಕಾಯಿಲೆ ನನ್ನದು. ಒಳ್ಳೆಯ ದಿನಕ್ಕೆ ಎಂಟು ಸಲ, ಕೆಟ್ಟ ದಿನಕ್ಕೆ ಹದಿನೇಳು ಸಲ. ದಿನಚರಿಯ ಕೊನೆಯ ಹಾಳೆಯಲ್ಲಿ ನಾನೇ ತಯಾರಿಸಿದ ಒಂದು ಪಟ್ಟಿ ಇದೆ. ಕಾಪುವಿನಿಂದ ಪಡುಬಿದ್ರಿ, ಅಲ್ಲಿ ಬಸ್ ಬದಲಿಸಿ ಬೆಳ್ಮಣ್, ನಿಟ್ಟೆ ದಾಟಿ ಕಾರ್ಕಳ. ಈ ದಾರಿಯಲ್ಲಿ ಕೇಳಿದರೆ ಬೇಡವೆನ್ನದೆ ಒಳಗೆ ಬಿಡುವ ಹೋಟೆಲುಗಳು ಎಷ್ಟು, ಬಾಗಿಲು ತೆರೆದಿರುವ ಶೌಚಾಲಯ ಯಾವುದು, ಯಾವುದರ ಚಿಲಕ ನಿಲ್ಲುತ್ತದೆ, ಯಾವುದನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕು, ಎಲ್ಲ ಬರೆದಿಟ್ಟಿದ್ದೆ. ಜನ ಎಲ್ಲೆಲ್ಲಿಂದಲೋ ಕಾರ್ಕಳಕ್ಕೆ ಬರುವುದು ಗುಡ್ಡದ ಮೇಲಿನ ಮೂರ್ತಿ ನೋಡಲು. ಅಲ್ಲೇ ಮೂರು ವರ್ಷ ಪಾಠ ಮಾಡಿದ ನಾನು ಒಮ್ಮೆಯೂ ಆ ಮೆಟ್ಟಿಲು ಹತ್ತಿರಲಿಲ್ಲ. ಹತ್ತಿದ ಮೇಲೆ ಇಳಿಯುವಷ್ಟು ಹೊತ್ತನ್ನು ನನ್ನ ಹೊಟ್ಟೆ ಕೊಡುತ್ತದೆ ಎಂಬ ನಂಬಿಕೆ ಇರಲಿಲ್ಲ.

ಕೊನೆಗೆ ಮಾತ್ರೆ ಸೋತಿತು, ಇಂಜೆಕ್ಷನ್ ಸೋತಿತು, ರಕ್ತ ಹೋಗಿ ಹೋಗಿ ನಾನೂ ಸೋತೆ. ಡಾಕ್ಟರು, "ದೊಡ್ಡ ಕರುಳು ತೆಗೆಯುವುದೇ ದಾರಿ. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತಂದು ಹೊಲಿಯುತ್ತೇವೆ. ಅದಕ್ಕೆ ಸ್ಟೋಮಾ ಎನ್ನುತ್ತೇವೆ. ಅದರ ಮೇಲೆ ಒಂದು ಚೀಲ ಅಂಟಿಸಿಕೊಳ್ಳಬೇಕು, ಯಾವಾಗಲೂ" ಎಂದರು. ಆ "ಯಾವಾಗಲೂ" ಎಂಬ ಪದವನ್ನು ಅವರು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದಕ್ಕೆ ಇಂದಿಗೂ ಕೃತಜ್ಞಳು.

ಆಪರೇಷನ್ನಿನ ಹಿಂದಿನ ದಿನ ಸ್ಟೋಮಾದ ಬಗ್ಗೆ ಕಲಿಸುವ ಸಿಸ್ಟರ್ ಒಬ್ಬರು ಬಂದು ನನ್ನನ್ನು ಕೂರಿಸಿದರು, ನಿಲ್ಲಿಸಿದರು, ಬಗ್ಗಿಸಿದರು. "ಚೂಡಿದಾರದ ಲಾಡಿ ಎಲ್ಲಿ ಕಟ್ಟುತ್ತೀರಿ? ಸೀರೆ ಉಡುವುದಿದ್ದರೆ ನೆರಿಗೆ ಎಲ್ಲಿ ಬರುತ್ತದೆ?" ಎಂದು ಕೇಳಿ, ಆ ಜಾಗ ಬಿಟ್ಟು, ನನ್ನ ಹೊಟ್ಟೆಯ ಬಲಬದಿಯಲ್ಲಿ ನೀಲಿ ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು. ಬೋರ್ಡಿನ ಮೇಲೆ ಇಂಥ ಸಾವಿರ ಚುಕ್ಕೆ ಇಟ್ಟವಳು ನಾನು. ಒಂದು ಬಿಂದುವನ್ನು ಇಷ್ಟು ಪ್ರೀತಿಯಿಂದ ಗುರುತಿಸಬಹುದೆಂದು ಗೊತ್ತಿರಲಿಲ್ಲ.

ಆದರೆ ಅದೇ ಬಿಂದುವನ್ನು ಆಪರೇಷನ್ ಆದ ಮೇಲೆ ನೋಡಲಾರದೆ ಹೋದೆ. ಸಿಸ್ಟರ್ ಚೀಲ ಬದಲಿಸುವಾಗ ಫ್ಯಾನ್ ನೋಡುತ್ತಿದ್ದೆ, ಕಿಟಕಿ ನೋಡುತ್ತಿದ್ದೆ. ದಿನಚರಿ ಮತ್ತೆ ಶುರುವಾದ ಮೇಲೆ ಅದರಲ್ಲಿ ಹೊಸ ಕಲಮುಗಳನ್ನು ಹಾಕಿಕೊಂಡೆ: ಕುಡಿದ ನೀರು, ಉಂಡ ಗಂಜಿ, ನಡೆದ ಹೆಜ್ಜೆ, ಚೀಲ ಖಾಲಿ ಮಾಡಿದ್ದು ಎಷ್ಟು ಸಲ. ಕೊನೆಯ ಕಲಮು: "ನೋಡಿದೆಯಾ?" ಅದರ ಕೆಳಗೆ ಸಾಲಾಗಿ ಇಲ್ಲ, ಇಲ್ಲ, ಇಲ್ಲ.

ಮೊದಲು ನೋಡಿದ್ದು ಅಮ್ಮ.

ಅಮ್ಮನ ಪರಿಚಯ ಹೇಳಬೇಕು. ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಮನೆಯಲ್ಲಿ ನಾವಿಬ್ಬರೇ. ಅಮ್ಮ ಕಾಪುವಿನಲ್ಲಿ ಮೀನು ಮಾರುವವಳು, ಮೂವತ್ತೊಂದು ವರ್ಷದಿಂದ. ನನ್ನ ಕಾಯಿಲೆಗೆ ಅವಳು ಒಮ್ಮೆಯೂ ಮೂಗು ಮುಚ್ಚಿದವಳಲ್ಲ. ಕೂತಲ್ಲಿಂದ ಏಳದೆ ನೂರು ಮೀನಿನ ಕರುಳು ಬಗೆದು ಬಿಸಾಡಿ, ಕೈ ತೊಳೆದು, ಅದೇ ಕೈಯಲ್ಲಿ ಮಲ್ಲಿಗೆ ಮುಡಿದುಕೊಂಡು ಬಸ್ಸು ಹತ್ತುವವಳು. ಸಿಸ್ಟರ್ ಅವಳಿಗೆ ವಿವರಿಸುತ್ತಿದ್ದರು: "ನೋಡಿ ಅಮ್ಮ, ಇದು ಯಾವಾಗಲೂ ಕೆಂಪಗೆ, ಒದ್ದೆಯಾಗಿ ಇರಬೇಕು. ಕಪ್ಪಾದರೆ, ನೀಲಿ ತಿರುಗಿದರೆ ತಕ್ಷಣ ಫೋನ್ ಮಾಡಬೇಕು."

ಅಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದಳು.

"ಇದು ನಂಗೆ ಗೊತ್ತುಂಟು ಸಿಸ್ಟರೇ. ಬಂಗುಡೆಯ ಕಿವಿರು ಎತ್ತಿ ನೋಡಿದ ಹಾಗೆ ಅಲ್ವಾ? ಕೆಂಪು ಇದ್ರೆ ಇವತ್ತಿನದ್ದು, ಕಪ್ಪಾದ್ರೆ ಮೊನ್ನೆಯದ್ದು."

ಸಿಸ್ಟರ್ ಜೋರಾಗಿ ನಕ್ಕರು. "ಇಷ್ಟು ಬೇಗ ಯಾರಿಗೂ ಅರ್ಥ ಆಗಿರಲಿಲ್ಲ ಅಮ್ಮ!"

"ಅರ್ಥ ಆಗುವುದು ಎಂತ ಉಂಟು? ತಾಜಾ ಉಂಟು. ಏ ಮಗಾ, ಒಮ್ಮೆ ನೋಡು. ಒಳ್ಳೆ ಚಂದ ಉಂಟು."

ನಾನು ಫ್ಯಾನಿನ ಎಲೆಗಳನ್ನು ಎಣಿಸಿದೆ. ಮೂರು.

ಅಂದಿನಿಂದ ದಿನಾ ಬೆಳಿಗ್ಗೆ ಅಮ್ಮನ ತಪಾಸಣೆ. ಮಾರ್ಕೆಟಿನಲ್ಲಿ ಅವಳು ಮೀನು ಕೊಳ್ಳುವಾಗ ಹೆಬ್ಬೆರಳಿನಿಂದ ಕಿವಿರು ಎತ್ತಿ, ಬೆಳಕಿಗೆ ಹಿಡಿದು, "ಹ್ಞೂಂ" ಅನ್ನುತ್ತಾಳೆ. ಮೀನು ಮಾರುವವರ ಭಾಷೆಯಲ್ಲಿ ಆ "ಹ್ಞೂಂ" ಎಂದರೆ ಪ್ರಮಾಣಪತ್ರ. ನನ್ನ ಪಾರದರ್ಶಕ ಚೀಲವನ್ನು ಹಾಗೆಯೇ ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ "ಹ್ಞೂಂ" ಅನ್ನುವಳು. ರೌಂಡ್ಸಿಗೆ ಬಂದ ಡಾಕ್ಟರು ಹೇಳುವುದಕ್ಕೆ ಮೊದಲೇ, "ಇವತ್ತಿನದ್ದು" ಎಂದು ಘೋಷಿಸುವಳು.

ಹನ್ನೊಂದನೆಯ ದಿನ ಅಮ್ಮ ಚಹಾ ಕುಡಿಯಲು ಕೆಳಗೆ ಹೋಗಿದ್ದಾಗ ಚೀಲದ ಅಂಚು ಬಿಟ್ಟುಕೊಂಡಿತು. ಸಿಸ್ಟರ್ ಬೇರೆ ವಾರ್ಡಿನಲ್ಲಿದ್ದರು. ಬೇರೆ ದಾರಿಯಿಲ್ಲದೆ ಕೆಳಗೆ ನೋಡಿದೆ. ಕೆಂಪಗೆ, ಒದ್ದೆಯಾಗಿ, ಅಂಗಿಯ ತೋಳನ್ನು ಒಂದು ಸುತ್ತು ಮಡಚಿದ ಹಾಗೆ ಕೂತಿತ್ತು. ನೋಡುತ್ತಿದ್ದಂತೆಯೇ ತಾನಾಗಿ ಒಮ್ಮೆ ಕುಗ್ಗಿ ಹಿಗ್ಗಿತು, ನೀರಿನಿಂದ ಆಗಷ್ಟೇ ತೆಗೆದ ಮೀನು ಕಿವಿರಾಡಿಸುವ ಹಾಗೆಯೇ. ಮುಟ್ಟಿದೆ. ನೋವಿಲ್ಲ. ಅದಕ್ಕೆ ನೋವಿನ ನರವೇ ಇಲ್ಲವಂತೆ. ಇಷ್ಟು ವರ್ಷ ಒಳಗೆ ಕತ್ತಲೆಯಲ್ಲಿ ಯಾರ ಹೊಗಳಿಕೆಯೂ ಇಲ್ಲದೆ ನನ್ನ ಊಟವನ್ನು ಹೊತ್ತ ಜೀವ ಮೊದಲ ಸಲ ಬೆಳಕಿಗೆ ಬಂದು ನನ್ನನ್ನು ನೋಡುತ್ತಿತ್ತು. ನಾನು ಮುಖ ತಿರುಗಿಸಿದ್ದು ಹತ್ತು ದಿನ. ನಾಚಿಕೆಯಾಯಿತು. ಆ ದಿನದ ಕಲಮಿನಲ್ಲಿ ಬರೆದೆ: "ನೋಡಿದೆ. ಅಮ್ಮ ಹೇಳಿದ್ದು ಸರಿ."

ಮನೆಗೆ ಬರುವ ದಿನ ಸಿಸ್ಟರ್ ಒಂದು ತಿಂಗಳಿಗಾಗುವಷ್ಟು ಚೀಲಗಳ ಪೆಟ್ಟಿಗೆ ಕೊಟ್ಟು, "ತಂಪು ಜಾಗದಲ್ಲಿ ಇಡಿ. ಬಿಸಿಲಿಗೆ ಅಂಟು ಹಾಳಾಗುತ್ತದೆ" ಎಂದರು. ಅಮ್ಮ ಗಂಭೀರವಾಗಿ ತಲೆಯಾಡಿಸಿದಳು. ಉಡುಪಿ ದಾಟಿ ಕಾಪು ಮುಟ್ಟುವವರೆಗೂ ಪೆಟ್ಟಿಗೆಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಮೂರನೆಯ ದಿನ ಚೀಲ ಬದಲಿಸಬೇಕೆಂದು ಕೇಳಿದರೆ, ಹಿತ್ತಿಲಿಗೆ ಹೋಗಿ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದಳು. ಕೆಳಗೆ ಒಡೆದ ಮಂಜುಗಡ್ಡೆ, ನಡುವೆ ನನ್ನ ಚೀಲಗಳು, ಮೇಲೆ ಮತ್ತೆ ಒಂದು ಪದರ ಮಂಜುಗಡ್ಡೆ. ಮೀನು ಜೋಡಿಸುವ ಕ್ರಮದಲ್ಲೇ ಜೋಡಿಸಿದ್ದಳು!

"ಅಮ್ಮಾ! ಎಂತ ಇದು?"

"ತಂಪಲ್ಲಿ ಇಡ್ಲಿಕ್ಕೆ ಹೇಳಿದ್ದಲ್ವಾ? ದಿನಕ್ಕೆ ಎರಡು ಸಲ ಐಸ್ ಬದಲಿಸಿದ್ದೇನೆ ನಾನು."

"ತಂಪು ಅಂದರೆ ಕಪಾಟಿನಲ್ಲಿ!"

"ಕಪಾಟು ಎಂತ ತಂಪು? ನೀನು ಟೀಚರ್ ಆದದ್ದು ಸುಮ್ಮನೆ."

ಅಂಟು ಅಂಟುವ ಗುಣವನ್ನೇ ಮರೆತಿತ್ತು. ಎರಡು ದಿನ ಬಿಸಿಲು ತಾಗದ ಕಡೆ ಒಣಗಿಸಿ, ಆದದ್ದನ್ನು ಆರಿಸಿ, ಉಳಿದದ್ದಕ್ಕೆ ಸಿಸ್ಟರಿಗೆ ಫೋನ್ ಮಾಡಿದೆವು. ಅವರು ನಕ್ಕು ನಕ್ಕು, ಬೇರೆ ಪೆಟ್ಟಿಗೆ ಕಳಿಸುವ ಏರ್ಪಾಡು ಮಾಡಿದರು. ಅಷ್ಟರವರೆಗೆ ನಾನು ಕಟ್ಟಿಕೊಂಡ ಚೀಲಗಳಲ್ಲಿ ಬಂಗುಡೆಯ ವಾಸನೆ. ಚೀಲದಿಂದ ವಾಸನೆ ಬಂದೀತು, ನೆರೆಯವರಿಗೆ ಗೊತ್ತಾದೀತು ಎಂದು ನಾನು ಆಸ್ಪತ್ರೆಯಲ್ಲಿ ಹೆದರಿ ಸತ್ತಿದ್ದೆ. ವಾಸನೆ ಬಂತು. ಆದರೆ ಕಾಪುವಿನ ನಮ್ಮ ಕೇರಿಯಲ್ಲಿ ಮೀನಿನ ವಾಸನೆಗೆ ತಿರುಗಿ ನೋಡುವವರು ಯಾರು? ನೋಡಲು ಬಂದ ಪಕ್ಕದ ಮನೆಯವರು ಮೂಗರಳಿಸಿ, "ಇವತ್ತು ಬಂಗುಡೆಯಾ?" ಎಂದಷ್ಟೇ ಕೇಳಿದರು.

ಪಥ್ಯದ ಪಟ್ಟಿಯೂ ಒಂದು ತಮಾಷೆ. ದೊಡ್ಡ ಕರುಳು ಮಾಡುತ್ತಿದ್ದ ಮುಖ್ಯ ಕೆಲಸ ನೀರು ಮತ್ತು ಉಪ್ಪನ್ನು ಹೀರಿಕೊಳ್ಳುವುದು. ಅದು ಇಲ್ಲದ ಮೇಲೆ ನೀರು, ಉಪ್ಪು ಎರಡೂ ಹೆಚ್ಚು ಬೇಕು. ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಯಿರಿ ಎಂದರು. ನಾನು ಹುಟ್ಟಿದಾಗಿನಿಂದ ಕುಡಿದದ್ದೇ ಅದು! ಆದರೆ ಮುಂದಿನ ಸಾಲಿನಲ್ಲಿ, ತೆಂಗಿನಕಾಯಿ ಕಡಿಮೆ ಮಾಡಿ, ತಿಂದರೆ ನುಣ್ಣಗೆ ಅರೆದು ತಿನ್ನಿ ಎಂದಿತ್ತು. ಅಮ್ಮ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಘಟ್ಟದ ಮೇಲಿನವರಿಗೆ ಬರೆದದ್ದು ಇರಬೇಕು" ಎಂದಳು. ಆದರೂ ಅಂದಿನಿಂದ ಮಸಾಲೆಯನ್ನು ಗಂಧದ ಹಾಗೆ ಅರೆಯುತ್ತಾಳೆ. ಬೆರಳ ನಡುವೆ ಉಜ್ಜಿ ನೋಡಿ, ತರಿ ಸಿಕ್ಕಿದರೆ ಮತ್ತೆ ಅರೆಯುತ್ತಾಳೆ.

ಗಣಿತದ ಕಣ್ಣಿನಿಂದ ನೋಡಿದರೆ ಮನುಷ್ಯ ಎಂದರೆ ಒಂದು ಕೊಳವೆ. ಬಾಯಿಂದ ಆರಂಭವಾಗಿ ಇನ್ನೊಂದು ತುದಿಯಲ್ಲಿ ಮುಗಿಯುವ ಒಂದು ಕೊಳವೆಯ ಸುತ್ತ ಕೈ, ಕಾಲು, ಹೆಸರು, ನೌಕರಿ, ಅಭಿಮಾನ ಎಲ್ಲವನ್ನೂ ಸುತ್ತಿಟ್ಟಿದೆ. ನನ್ನ ಕೊಳವೆ ಐದು ಅಡಿ ಮೋಟಾಗಿ, ಅದರ ಒಂದು ತುದಿ ಹೊಟ್ಟೆಯ ಮುಂಭಾಗಕ್ಕೆ ಬಂದಿದೆ, ಅಷ್ಟೇ. ರೇಖಾಗಣಿತಕ್ಕೆ ಇದು ದೊಡ್ಡ ಸಂಗತಿಯೇ ಅಲ್ಲ. ಆದರೆ ನಾವು ರೇಖಾಗಣಿತದಲ್ಲಿ ಬದುಕುವುದಿಲ್ಲ, ನಾಲ್ಕು ಜನರ ನಡುವೆ ಬದುಕುತ್ತೇವೆ. ಹಳೆಯ ತುದಿಗೆ ಒಂದು ಬಾಗಿಲಿತ್ತು. ತುಸು ಹೊತ್ತಾದರೂ ಮುಚ್ಚಿ ಹಿಡಿಯಬಹುದಿತ್ತು. ಹೊಸ ತುದಿಗೆ ಬಾಗಿಲಿಲ್ಲ. ಬರುವಾಗ ಬರುತ್ತದೆ, ಗುಡುಗುಡು ಎನ್ನುವಾಗ ಎನ್ನುತ್ತದೆ. ಊಟವಾದ ಸ್ವಲ್ಪ ಹೊತ್ತಿಗೆ ಚೀಲ, ಎಣ್ಣೆಗೆ ಬಿಟ್ಟ ಬನ್ಸಿನ ಹಾಗೆ ಉಬ್ಬಿಕೊಳ್ಳುತ್ತದೆ. ಹೀಗಾಗಿ ಕ್ರಮೇಣ ನಾನು ಒಂದು ತೀರ್ಮಾನಕ್ಕೆ ಬಂದೆ: ನಡೆಯುತ್ತೇನೆ, ಓದುತ್ತೇನೆ, ರಜೆ ಮುಗಿದ ಮೇಲೆ ಪಾಠವನ್ನೂ ಮಾಡುತ್ತೇನೆ. ಆದರೆ ಇನ್ನು ಮುಂದೆ ಜನರ ಜೊತೆ ಕೂತು ಉಣ್ಣುವುದಿಲ್ಲ. ಮದುವೆಯಾಗಲಿ, ಪೂಜೆಯಾಗಲಿ, ಮುಖ ತೋರಿಸಿ ಬರುವುದು. ಊಟ ಮನೆಯಲ್ಲಿ, ಬಾಗಿಲು ಹಾಕಿಕೊಂಡು.

ಈ ತೀರ್ಮಾನಕ್ಕೆ ಮೊದಲ ಪರೀಕ್ಷೆ ತೊಂಬತ್ತಾರನೆಯ ದಿನ ಬಂತು, ದೊಡ್ಡ ಮಾವನ ರೂಪದಲ್ಲಿ. ದೊಡ್ಡ ಮಾವ ಅಮ್ಮನ ಅಣ್ಣ. ಮೂವತ್ತು ವರ್ಷ ಬೋಟಿನಲ್ಲಿ ದುಡಿದವರು, ನಮ್ಮ ಕುಟುಂಬದ ಹಿರಿಯರು. ನಮ್ಮಲ್ಲಿ ಕುಟುಂಬ ಎಂದರೆ ತಾಯಿಯ ಕಡೆಯದು. ವರ್ಷಕ್ಕೊಮ್ಮೆ ಮೂಲ ಮನೆಯಲ್ಲಿ ನಾಗನಿಗೂ ದೈವಗಳಿಗೂ ತಂಬಿಲ ಕೊಡುತ್ತೇವೆ. ತಂಬಿಲ ಎಂದರೆ ಸಣ್ಣ ವಾರ್ಷಿಕ ಸೇವೆ. ಅದಾದ ಮೇಲೆ ಎಲ್ಲರೂ ಚಾವಡಿಯಲ್ಲಿ ಒಂದೇ ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಊಟ. ಆ ಪಂಕ್ತಿಗೆ ಒಂದು ಕಟ್ಟುನಿಟ್ಟು ಉಂಟು: ಹಿರಿಯರು ಎಲೆ ಮಡಚಿ ಏಳುವವರೆಗೆ ಯಾರೂ ಏಳುವಂತಿಲ್ಲ. ಒಮ್ಮೆ ಒಬ್ಬ ಅಳಿಯನ ಫೋನ್ ಹನ್ನೆರಡು ಸಲ ಬಡಿದುಕೊಂಡರೂ (ಎಣಿಸಿದ್ದೆ) ದೊಡ್ಡ ಮಾವ ಅವನನ್ನು ಕಣ್ಣಿನಲ್ಲೇ ಕೂರಿಸಿದ್ದರು.

"ನಾನು ಬರುವುದಿಲ್ಲ ಮಾವ" ಎಂದೆ.

"ಎಂತಕ್ಕೆ?"

"ಇದನ್ನು ಕಟ್ಟಿಕೊಂಡು ನಾಗನ ಎದುರು ಹೇಗೆ ನಿಲ್ಲುವುದು? ಶುದ್ಧ ಅಂತ ಒಂದು ಇಲ್ವಾ?"

ಮಾವ ತಲೆಗೆ ಸುತ್ತಿದ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡರು. "ನಿನ್ನ ಹೊಟ್ಟೆಯಲ್ಲಿ ಇರುವುದು ನನ್ನ ಹೊಟ್ಟೆಯಲ್ಲಿ ಇಲ್ವಾ? ನಂದು ಒಳಗೆ ಉಂಟು, ನಿಂದು ಒಂದು ಇಂಚು ಹೊರಗೆ ಉಂಟು. ನಾಗ ಎಂತ ಅಳತೆ ಪಟ್ಟಿ ಹಿಡ್ಕೊಂಡು ಕೂತಿದ್ದಾನಾ ಮಾರಾಯ್ತಿ? ಅದು ನಿನ್ನ ಕೆಲಸ."

ಅಮ್ಮ ಅಡುಗೆಮನೆಯಲ್ಲಿ ಕಿಸಕ್ಕನೆ ನಕ್ಕಳು.

"ಊಟದ ನಡುವೆ ಶಬ್ದ ಬಂದರೆ?"

"ನಮ್ಮ ಕುಟುಂಬದಲ್ಲಿ ಶಬ್ದ ಮಾಡದವರು ಯಾರು? ನಿನ್ನ ಸಣ್ಣ ಮಾವ ತೇಗಿದ್ರೆ ಪಡುಬಿದ್ರಿಗೆ ಕೇಳ್ತದೆ."

ಕೊನೆಯ ಬಾಣ ಬಿಟ್ಟೆ. "ಚೀಲ ತುಂಬಿ ನಡುವೆ ಏಳಬೇಕಾದರೆ?"

ಮಾವ ಇದಕ್ಕೆ ನಗಲಿಲ್ಲ. ಬೈರಾಸನ್ನು ಮಡಚಿ ಹೆಗಲಿಗೆ ಹಾಕಿಕೊಂಡರು. "ಪಂಕ್ತಿಯಲ್ಲಿ ಒಬ್ಬರೇ ಏಳುವ ಕ್ರಮ ಇಲ್ಲ" ಎಂದರು. "ಎಲ್ಲರೂ ಒಟ್ಟಿಗೆ ಕೂರುವುದು, ಎಲ್ಲರೂ ಒಟ್ಟಿಗೆ ಏಳುವುದು. ಬಾ." ಇಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ಬಾ ಎಂದರು, ಏಳಬಾರದು ಎಂದೂ ಹೇಳಿದರು. ಇಂಥ ಸಂದರ್ಭದಲ್ಲಿ ಬೇರೆಯವರು ಏನು ಮಾಡುತ್ತಾರೋ, ನಾನು ಪ್ರಯೋಗ ಮಾಡಿದೆ. ಏಳು ದಿನ ಮಧ್ಯಾಹ್ನ ಚೀಲ ಖಾಲಿ ಮಾಡಿಕೊಂಡು ಅನ್ನ, ಸಾರು, ಪಲ್ಯ ಉಣ್ಣಲು ಕೂತು, ಚೀಲ ಅರ್ಧಕ್ಕಿಂತ ಹೆಚ್ಚು ತುಂಬುವ ಹೊತ್ತನ್ನು ಗುರುತಿಸಿದೆ. ಸರಾಸರಿ ಐವತ್ತೆರಡು ನಿಮಿಷ. ಹಿಂದಿನ ವರ್ಷದ ದಿನಚರಿ ತೆರೆದೆ. ತಂಬಿಲದ ಪುಟದಲ್ಲಿ ಪುಣ್ಯಕ್ಕೆ ಬರೆದಿತ್ತು: "ಊಟ ೧.೧೦ಕ್ಕೆ ಶುರು, ೧.೪೫ಕ್ಕೆ ಎದ್ದದ್ದು." ಮೂವತ್ತೈದು ನಿಮಿಷ. ಕೈಯಲ್ಲಿ ಹದಿನೇಳು ನಿಮಿಷ ಉಳಿಯುತ್ತದೆ. ಹದಿನೇಳು! ಒಂದು ಕಾಲದಲ್ಲಿ ನನ್ನ ಕೆಟ್ಟ ದಿನಗಳ ಸಂಖ್ಯೆ. ಅದೇ ಈಗ ನನ್ನ ಪರವಾಗಿ ನಿಂತಿದೆ ಎಂದು ಖುಷಿಯಾಗಿ ಅಮ್ಮನಿಗೆ ಲೆಕ್ಕ ತೋರಿಸಿದೆ. ಅಮ್ಮ, "ಹ್ಞೂಂ" ಎಂದಳು. ಆದರೆ ಇದು ಮೀನು ನೋಡುವಾಗಿನ "ಹ್ಞೂಂ" ಆಗಿರಲಿಲ್ಲ.

ತಂಬಿಲದ ದಿನ ಮಾರ್ಚಿನ ಬಿಸಿಲು. ನಾಗನ ಕಲ್ಲಿಗೆ ಹಾಲು, ಸೀಯಾಳದ ಎಳನೀರು ಎರೆದರು. ಕೈ ಮುಗಿದು ನಿಂತೆ. ಭೂಮಿ ಬಾಯಿ ಬಿಡಲಿಲ್ಲ. ಪ್ರಸಾದದ ಜೊತೆ ಎಲ್ಲರಿಗೂ ಕುಡಿಯಲು ಸೀಯಾಳ ಕೊಟ್ಟರು. ನಾಲ್ಕು ತಿಂಗಳ ಮೇಲೆ ಇಷ್ಟು ಜನರನ್ನು ಕಂಡಿದ್ದೆ. ಅತ್ತೆಯಂದಿರು ಗಲ್ಲ ಹಿಡಿದು, "ಮೈ ತುಂಬಿದೆ ನೋಡು" ಎಂದಿದ್ದರು. ಆ ಸಂಭ್ರಮದಲ್ಲಿ ಇಡೀ ಸೀಯಾಳವನ್ನು ಒಂದೇ ಉಸಿರಿನಲ್ಲಿ ಕುಡಿದೆ. ಪ್ರಯೋಗದ ಏಳೂ ದಿನ ನಾನು ಊಟಕ್ಕೆ ಮೊದಲು ಸೀಯಾಳ ಕುಡಿದಿರಲಿಲ್ಲ ಎಂಬುದು ಆಗ ನೆನಪಾಗಲಿಲ್ಲ. ಒಂಬತ್ತನೆಯ ತರಗತಿಯ ಮಕ್ಕಳು ಹೀಗೆ ಮಾಡಿದ್ದರೆ, "ದತ್ತ ಸರಿಯಾಗಿ ಓದಿಕೊಳ್ಳಿ" ಎಂದು ಅರ್ಧ ಅಂಕ ಕಳೆಯುತ್ತಿದ್ದೆ.

ಚೀಲ ಖಾಲಿ ಮಾಡಿಕೊಂಡು ಬಂದು ಕೂತೆ. ಪಂಕ್ತಿಯಲ್ಲಿ ನಲವತ್ತೆರಡು ಜನ. ದೊಡ್ಡ ಮಾವ ತಲೆಯ ಕಡೆ, ನಾನು ಅವರ ಎದುರು ಸಾಲಿನಲ್ಲಿ ಒಂಬತ್ತನೆಯವಳು. ಅಮ್ಮ ಉಪ್ಪಿನಕಾಯಿ ಬಡಿಸುತ್ತಿದ್ದಳು. ಮೊದಲ ಹತ್ತು ನಿಮಿಷ ಸ್ವರ್ಗ. ಎಲೆಯ ಮೇಲೆ ಬಿಸಿ ಅನ್ನ ಬೀಳುವ ಪರಿಮಳ, ಎರಡೂ ಕಡೆ ತಾಗುವ ಮೊಣಕೈ, "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎಂಬ ಒತ್ತಾಯ. ಇದನ್ನೆಲ್ಲ ಬಿಟ್ಟು ಬಾಗಿಲು ಹಾಕಿಕೊಂಡು ಉಣ್ಣುವ ತೀರ್ಮಾನ ಮಾಡಿದ್ದೆನಲ್ಲ! ಹೊಟ್ಟೆ ಒಮ್ಮೆ ಗುಡುಗಿತು. ಪಕ್ಕದ ಅತ್ತೆ, "ಹಸಿವೆಯಾ ಮಗಾ, ಸರಿಯಾಗಿ ಉಣ್ಣು" ಎಂದರು. ಅಷ್ಟೇ.

ಆಮೇಲೆ ಸಾಂಬಾರು ಕಡಿಮೆ ಬಿತ್ತು. ಒಳಗೆ ಮತ್ತೆ ಕುದಿಸಲು ಇಟ್ಟರಂತೆ. ಎಲ್ಲರೂ ಎಲೆಯ ಮುಂದೆ ಕೈ ತಡೆದು ಮಾತಿಗಿಳಿದರು. ಇಪ್ಪತ್ತೆಂಟನೆಯ ನಿಮಿಷಕ್ಕೆ ಸೀಯಾಳ ತನ್ನ ದಾರಿ ಕಂಡುಕೊಂಡಿತು. ಚೀಲ ಬಿಸಿಯಾಯಿತು, ಭಾರವಾಯಿತು, ಉಬ್ಬಿತು. ಹಾಲು ಬಣ್ಣದ ಹೊಸ ಚೂಡಿದಾರ. ಸೆರಗಿನಂತೆ ಶಾಲನ್ನು ಮುಂದಕ್ಕೆ ಎಳೆದುಕೊಂಡೆ. ಮೂವತ್ತನೆಯ ನಿಮಿಷ. ಪಾಯಸದ ಬಕೆಟ್ ಚಾವಡಿಯ ಆ ತುದಿಯಲ್ಲಿ ಈಗಷ್ಟೇ ಕಾಣಿಸಿಕೊಂಡಿತು. ಪಾಯಸ, ಅದರ ಮೇಲೆ ಎರಡನೇ ಸಲದ ಪಾಯಸ, ಆಮೇಲೆ ಮಜ್ಜಿಗೆ. ಕಡಿಮೆಯೆಂದರೂ ಇನ್ನು ಇಪ್ಪತ್ತು ನಿಮಿಷ. ಅಂಚು ಬಿಟ್ಟುಕೊಂಡರೆ ಎಲ್ಲ ಮುಗಿಯಿತು. ಎದ್ದರೆ ನಲವತ್ತೊಂದು ಜನ ತಲೆಯೆತ್ತಿ ನೋಡುತ್ತಾರೆ. ಮೊದಲ ಬಾರಿಗೆ ಎಣಿಸುವುದು ನನಗೆ ಸಹಾಯಕ್ಕೆ ಬರಲಿಲ್ಲ. ತಲೆ ತಗ್ಗಿಸಿ ಎಲೆಯನ್ನೇ ನೋಡುತ್ತ ಕೂತೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ದೊಡ್ಡ ಮಾವನಿಗೆ ಪಾಯಸವೆಂದರೆ ಪ್ರಾಣ. ಎಲೆಯ ಮೇಲೆ ಹರಿಯುವ ಪಾಯಸವನ್ನು ಅಂಗೈಯಲ್ಲಿ ಬಾಚಿ ಮೂರು ಸಲ ಹಾಕಿಸಿಕೊಳ್ಳುವವರು. ಅವರಿಗಾಗಿಯೇ ಆ ಮನೆಯಲ್ಲಿ ಒಂದು ಪಾವು ಬೆಲ್ಲ ಹೆಚ್ಚು ಹಾಕುತ್ತಾರೆ. ಬಕೆಟ್ ಅವರಿಂದ ಐದು ಎಲೆ ಆಚೆ ಇತ್ತು.

ದೊಡ್ಡ ಮಾವ ಎಲೆ ಮಡಚಿದರು. ಎದ್ದು ನಿಂತರು.

ಆಮೇಲೆ ಚಾವಡಿಯೆಲ್ಲ ಕೋಲಾಹಲ. "ಎಂತ ಅಣ್ಣ, ಪಾಯಸ ಬರ್ಲಿಲ್ಲ!" "ಸಾಂಬಾರು ಬರ್ತಾ ಉಂಟು ಮಾವ!" "ಕೋಪ ಬಂತಾ ಎಂತ?" ಸಣ್ಣ ಮಾವ ಅರ್ಧ ಎತ್ತಿದ ತುತ್ತನ್ನು ಏನು ಮಾಡುವುದೆಂದು ತಿಳಿಯದೆ ಕೂತಿದ್ದರು. ಆದರೆ ಕ್ರಮ ಎಂದರೆ ಕ್ರಮ. ಹಿರಿಯರು ಎದ್ದ ಮೇಲೆ ಕೂತಿರುವಂತಿಲ್ಲ. ಗೊಣಗುತ್ತ, ಬಯ್ಯುತ್ತ, ಎಲೆ ಮಡಚುತ್ತ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಆ ಗದ್ದಲದ ನಡುವೆ ನಾನೂ ಎದ್ದೆ. ನನ್ನನ್ನು ನೋಡುವುದಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ. ಅಮ್ಮ ಉಪ್ಪಿನಕಾಯಿ ಪಾತ್ರೆ ಕೆಳಗಿಟ್ಟು ಬಚ್ಚಲಿನ ಬಾಗಿಲು ತೆರೆದು ನಿಂತಿದ್ದಳು.

ಹೊರಗೆ ಬರುವಾಗ ಜಗಲಿಯ ತುಂಬ ಜನ ಲೋಟ ಹಿಡಿದು ನಿಂತು ಪಾಯಸ ಕುಡಿಯುತ್ತಿದ್ದರು. ಮದುವೆಮನೆಗಿಂತ ಜೋರು ನಗು. ದೊಡ್ಡ ಮಾವ ಹಿತ್ತಿಲ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು, ಕೈಯಲ್ಲಿ ದೊಡ್ಡ ಲೋಟ.

"ಮಾವ, ಎಂತಕ್ಕೆ ಎದ್ದದ್ದು?"

"ಕಾಲು ಜೋಮು ಹಿಡೀತು."

"ಪಾಯಸ ಬಿಟ್ಟು?"

"ಬಿಟ್ಟದ್ದು ಎಲ್ಲಿ?" ಲೋಟ ಎತ್ತಿ ತೋರಿಸಿದರು. "ಎಷ್ಟನೆಯದ್ದು ಅಂತ ಕೇಳ್ಬೇಡ. ಎಣಿಸ್ಲೂ ಬೇಡ."

ಮನೆಗೆ ಬರುವ ಬಸ್ಸಿನಲ್ಲಿ ಅಮ್ಮನನ್ನು ಕೇಳಿದೆ, "ನೀನು ಮಾವನಿಗೆ ಕಣ್ಸನ್ನೆ ಮಾಡಿದೆಯಾ?" ಅಮ್ಮ, "ನಾನು ಯಾಕೆ ಮಾಡ್ಲಿ? ಗಾಳಿ ತಿರುಗುವ ಮೊದಲು ಬಲೆ ಎತ್ತಿಸಿದವ ಅವ. ನಿನ್ನ ಮುಖ ನೋಡಿದ್ರೆ ಗೊತ್ತಾಗ್ಲಿಕ್ಕಿಲ್ವಾ?" ಎಂದು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು.

ಈಗ ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಬೆಳ್ಮಣ್, ನಿಟ್ಟೆಯ ಶೌಚಾಲಯಗಳ ಪಟ್ಟಿಯನ್ನು ತಿದ್ದದೆ ಬಹಳ ದಿನವಾಯಿತು. ದಿನಕ್ಕೆ ಐದಾರು ಸಲ ಚೀಲ ಖಾಲಿ ಮಾಡಿದರೆ ಉಳಿದ ಹೊತ್ತೆಲ್ಲ ನನ್ನದು. ಕಳೆದ ಶನಿವಾರ ಮಧ್ಯಾಹ್ನದ ಮೇಲೆ ಕಾರ್ಕಳದ ಗುಡ್ಡ ಹತ್ತಿದೆ. ಮೆಟ್ಟಿಲು ಎಣಿಸಲು ಶುರು ಮಾಡಿ, ನಡುವೆ ಗಾಳಿ ಚೆನ್ನಾಗಿ ಬೀಸಿ, ಲೆಕ್ಕ ತಪ್ಪಿತು. ಮತ್ತೆ ಕೆಳಗಿಳಿದು ಮೊದಲಿನಿಂದ ಎಣಿಸಬೇಕೆಂದು ಅನ್ನಿಸಲಿಲ್ಲ. ಕಾಯಿಲೆ ಒಂದಲ್ಲ, ಎರಡು ಗುಣವಾಗುತ್ತಿವೆಯೋ ಏನೋ.

ಆದರೂ ತಂಬಿಲದ ದಿನದ ಪುಟವನ್ನು ಮಾತ್ರ ಕ್ರಮವಾಗಿ ಬರೆದಿದ್ದೇನೆ. ಕುಡಿದ ನೀರು: ಒಂಬತ್ತು ಲೋಟ, ಮತ್ತು ಒಂದು ಸೀಯಾಳ. ಚೀಲ ಖಾಲಿ ಮಾಡಿದ್ದು: ಏಳು ಸಲ. ಸ್ಟೋಮಾದ ಬಣ್ಣ, ಅಮ್ಮನ ಪ್ರಕಾರ: ಇವತ್ತಿನದ್ದು. ಪಾಯಸ: ಒಂದೂವರೆ ಲೋಟ, ನಿಂತುಕೊಂಡು. ಪಂಕ್ತಿಯ ನಡುವೆ ಎದ್ದವರು: ನಲವತ್ತೆರಡು ಜನ, ನಾನೂ ಸೇರಿ.